ಆಫೀಸಿಗೂ ಅಂಗಡಿಗೂ ಒಂದೇ ಚೀಲ: ಸೈಕಲ್ಲಿಗೆ ತೂಗುವ, ಬೆನ್ನಿಗೂ ಏರುವ ಪ್ಯಾನಿಯರ್ ಆರಿಸುವುದು ಹೇಗೆ

ಲ್ಯಾಪ್‌ಟಾಪ್, ಊಟದ ಡಬ್ಬಿ, ಒಂದು ಜೊತೆ ಬಟ್ಟೆ ಬೆನ್ನಿಗೆ ಹೇರಿಕೊಂಡು ಎಂಟು ಹತ್ತು ಕಿಲೋಮೀಟರ್ ಸೈಕಲ್ ತುಳಿದರೆ ಅಂಗಿಯ ಬೆನ್ನು ಪೂರ್ತಿ ಒದ್ದೆ. ಅದೇ ಭಾರವನ್ನು ಕ್ಯಾರಿಯರ್ ಪಕ್ಕಕ್ಕೆ ತೂಗುಹಾಕಿದರೆ ಬೆನ್ನು ಹಗುರ, ಆದರೆ ಇಳಿದ ಮೇಲೆ ಆ ಚೀಲವನ್ನು ಕೈಯಲ್ಲಿ ಹಿಡಿದು ನಡೆಯುವುದು ತ್ರಾಸ. ಈ ಎರಡಕ್ಕೂ ಮದ್ದು ಎಂದು ಮಾರುಕಟ್ಟೆಗೆ ಬಂದಿರುವುದೇ ಸೈಕಲ್ಲಿಗೂ ಬೆನ್ನಿಗೂ ಆಗುವ ಪ್ಯಾನಿಯರ್, ಅಂದರೆ ಕ್ಯಾರಿಯರಿನ ಪಕ್ಕಕ್ಕೆ ಕೊಕ್ಕೆಯಿಂದ ತೂಗುವ ಚೀಲ. ಜರ್ಮನಿಯ ಓರ್ಟ್‌ಲೀಬ್ ಮತ್ತು ವೌಡೆ, ಕೆನಡಾದ ಟು ವೀಲ್ ಗೇರ್ ಇಂಥವನ್ನು ತಯಾರಿಸುವ ಹೆಸರಾಂತ ಕಂಪನಿಗಳು. ಹೆಸರಿಲ್ಲದ ಅಗ್ಗದ ಚೀಲಗಳೂ ಆನ್‌ಲೈನಿನಲ್ಲಿ ಬೇಕಾದಷ್ಟಿವೆ. ಹುಡುಕುವಾಗ ಒಂದು ಎಚ್ಚರ: ಮೋಟರ್‌ಬೈಕಿನ ಸೀಟಿನ ಮೇಲೆ ಅಡ್ಡಹಾಕುವ ಜೋಡಿಚೀಲಗಳೂ ಅದೇ ಪಟ್ಟಿಯಲ್ಲಿ ಬೆರೆತು ಬರುತ್ತವೆ. ಅವುಗಳಿಗೆ ಕೊಕ್ಕೆ ಇರುವುದಿಲ್ಲ, ಸೈಕಲ್ಲಿನ ಕ್ಯಾರಿಯರಿಗೆ ಅವು ಒಗ್ಗುವುದಿಲ್ಲ.

ಹೆಚ್ಚಿನವರು ಬಣ್ಣ, ಲೀಟರ್, ಬೆಲೆ ನೋಡಿ ಚೀಲ ಕೊಂಡು, ಆಮೇಲೆ ಅದು ಸೈಕಲ್ಲಿಗೆ ಕೂರುತ್ತದೋ ಇಲ್ಲವೋ ನೋಡುತ್ತಾರೆ. ಅನುಕ್ರಮ ತಿರುಗುಮುರುಗಾಗಬೇಕು. ಎಷ್ಟು ದೂರ ನಡೆಯುತ್ತೀರಿ, ಕ್ಯಾರಿಯರ್ ಎಂಥದು, ಹಿಮ್ಮಡಿಗೆ ಜಾಗ ಎಷ್ಟಿದೆ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಉಳಿಯುವ ಚೀಲಗಳು ನಾಲ್ಕೈದೇ. ಬಣ್ಣ ಆಗ ನೋಡಿದರಾಯಿತು.

ಇಂಥ ಚೀಲ ನಿಮಗೆ ಬೇಕೇ?

ಆಫೀಸಿನ ನೆಲಮಾಳಿಗೆಯಲ್ಲಿ ಸೈಕಲ್ ನಿಲ್ಲಿಸಿ ಲಿಫ್ಟ್ ಹತ್ತಿದರೆ ಮುಗಿಯಿತು ಅನ್ನುವವರಿಗೆ ಇದು ಬೇಡ. ಒಂದು ಹೆಗಲಿಗೆ ಹಾಕುವ ಉದ್ದ ಪಟ್ಟಿಯಿರುವ ಮಾಮೂಲಿ ಪ್ಯಾನಿಯರ್ ಸಾಕು, ತೂಕವೂ ಕಡಿಮೆ. 20 ಲೀಟರಿನ ಮಾಮೂಲಿ ಪ್ಯಾನಿಯರ್ ಒಂದು ಕೆ.ಜಿ.ಯೊಳಗೇ ಸಿಗುತ್ತದೆ. ಅಷ್ಟೇ ಅಳತೆಯ, ಬೆನ್ನಿಗೂ ಹಾಕಬಹುದಾದ ಚೀಲ ಸಾಮಾನ್ಯವಾಗಿ 1.2ರಿಂದ 1.8 ಕೆ.ಜಿ. ತೂಗುತ್ತದೆ. ಬೆನ್ನಿನ ಮೆತ್ತೆ, ಎರಡು ಹೆಗಲಪಟ್ಟಿ, ಕೊಕ್ಕೆಗಳ ಹಿಂದಿನ ಗಟ್ಟಿ ಹಲಗೆ, ಅದೆಲ್ಲ ಮುಚ್ಚುವ ಹೊದಿಕೆ ಸೇರಿ ಆಗುವ ತೂಕ ಇದು.

ಸೈಕಲ್ ನಿಲ್ಲಿಸಿದ ಮೇಲೆ ಹತ್ತು ನಿಮಿಷಕ್ಕಿಂತ ಹೆಚ್ಚು ನಡೆಯುವವರಿಗೆ ಮಾತ್ರ ಈ ಹೆಚ್ಚುವರಿ ತೂಕ ಮತ್ತು ದುಡ್ಡು ಸಾರ್ಥಕ. ಮೆಟ್ರೋ ನಿಲ್ದಾಣದವರೆಗೆ ಸೈಕಲ್, ಅಲ್ಲಿಂದ ರೈಲು, ಮತ್ತೆ ನಡಿಗೆ ಎನ್ನುವವರು, ದೊಡ್ಡ ಕ್ಯಾಂಪಸ್ಸಿನ ವಿದ್ಯಾರ್ಥಿಗಳು, ಮನೆಗೆ ಬರುವ ದಾರಿಯಲ್ಲಿ ಮಾರುಕಟ್ಟೆ ಸುತ್ತಿ ತರಕಾರಿ ತರುವವರು, ಮೂರನೇ ಮಹಡಿಗೆ ಮೆಟ್ಟಿಲೇರುವವರು ಈ ಸಾಲಿಗೆ ಸೇರುತ್ತಾರೆ. ಇನ್ನೊಂದು ದಾರಿಯೂ ಇದೆ. ಈಗಾಗಲೇ ಓರ್ಟ್‌ಲೀಬ್‌ನ ಮಾಮೂಲಿ ಪ್ಯಾನಿಯರ್ ಇದ್ದರೆ ಅದಕ್ಕೆ ಸಿಕ್ಕಿಸುವ ಬೆನ್ನುಪಟ್ಟಿಯನ್ನು ಆ ಕಂಪನಿಯೇ ಬೇರೆಯಾಗಿ ಮಾರುತ್ತದೆ. ಅಪರೂಪಕ್ಕೆ ನಡೆಯುವವರಿಗೆ ಅದೇ ಸಾಕಾದೀತು.

ಮೊದಲು ಕ್ಯಾರಿಯರ್ ನೋಡಿ

ಚೀಲ ಎಷ್ಟೇ ಒಳ್ಳೆಯದಿದ್ದರೂ ಅದು ತೂಗುವುದು ಕ್ಯಾರಿಯರಿನ ಕಂಬಿಗೆ. ಆ ಕಂಬಿಯ ದಪ್ಪ ಅಳೆಯಿರಿ. ಅಲ್ಯೂಮಿನಿಯಂ ಮತ್ತು ಸ್ಟೀಲ್ ಕ್ಯಾರಿಯರುಗಳಲ್ಲಿ ಸಾಮಾನ್ಯವಾಗಿ 8, 10 ಅಥವಾ 12 ಮಿ.ಮೀ. ಇರುತ್ತದೆ, ಕೆಲವು ವಿದ್ಯುತ್ ಸೈಕಲ್ಲುಗಳಲ್ಲಿ 16 ಮಿ.ಮೀ. ವರೆಗೂ ಹೋಗುತ್ತದೆ. ಒಳ್ಳೆಯ ಕೊಕ್ಕೆಗಳ ಬಾಯಿ 16 ಮಿ.ಮೀ.ಗೆ ತೆರೆದಿರುತ್ತದೆ, ತೆಳು ಕಂಬಿಗೆಂದು ಪ್ಲಾಸ್ಟಿಕ್ ಒಳತುಂಡುಗಳನ್ನು ಜೊತೆಗೇ ಕೊಟ್ಟಿರುತ್ತಾರೆ. ಪ್ಯಾಕೆಟ್ಟಿನ ಮೂಲೆಯಲ್ಲಿರುವ ಆ ಪುಟ್ಟ ತುಂಡುಗಳನ್ನು ಕಸವೆಂದು ಎಸೆಯುವವರು ಬಹಳ. ಅವಿಲ್ಲದೆ 10 ಮಿ.ಮೀ. ಕಂಬಿಗೆ ತೂಗಿದ ಚೀಲ ಪ್ರತಿ ಗುಂಡಿಗೂ ಲಟಲಟ ಎನ್ನುತ್ತದೆ, ಕಂಬಿಯ ಬಣ್ಣ ಕಿತ್ತು, ಆಮೇಲೆ ಅಲ್ಯೂಮಿನಿಯಂ ಸವೆಯಲು ಶುರುವಾಗುತ್ತದೆ.

ಕ್ಯಾರಿಯರಿನ ಪಕ್ಕದಲ್ಲಿ ಕೆಳಗಿಳಿಯುವ ಕಾಲುಗಳು ಇರಲೇಬೇಕು. ಚೀಲದ ಕೆಳಗಿನ ಮೂರನೇ ಕೊಕ್ಕೆ ಆ ಕಾಲಿಗೆ ಸಿಕ್ಕಿಕೊಳ್ಳುತ್ತದೆ, ಚೀಲ ಚಕ್ರದ ಕಡೆ ವಾಲದಂತೆ ತಡೆಯುವುದೂ ಆ ಕಾಲೇ. ಸೀಟಿನ ಕೆಳಗಿನ ಕೊಳವೆಗೆ ಮಾತ್ರ ಬಿಗಿಯುವ, ಕಾಲಿಲ್ಲದ ಕ್ಯಾರಿಯರುಗಳಿಗೆ ಪ್ಯಾನಿಯರ್ ಹಾಕಲೇಬಾರದು. ಅವುಗಳ ಭಾರಮಿತಿ ಸಾಮಾನ್ಯವಾಗಿ 10 ಕೆ.ಜಿ.ಯ ಒಳಗೆ. ಭಾರಕ್ಕಿಂತ ದೊಡ್ಡ ಅಪಾಯ ಬೇರೆ: ತಿರುವಿನಲ್ಲಿ ಚೀಲದ ತುದಿ ಕಡ್ಡಿಗಳ ನಡುವೆ ನುಗ್ಗಿದರೆ ಹಿಂದಿನ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ.

ಹಳೇ ಕರಿ ಸೈಕಲ್ಲುಗಳ ಸ್ಪ್ರಿಂಗ್ ಕ್ಯಾರಿಯರ್ ಗಟ್ಟಿಯೇನೋ ಹೌದು. ಆದರೆ ಹಲವದರಲ್ಲಿ ಅಂಚು ದುಂಡು ಕಂಬಿಯಲ್ಲ, ಮಡಚಿದ ತಗಡಿನ ಪಟ್ಟಿ. ಕೊಕ್ಕೆ ಅದರ ಮೇಲೆ ಬಿಗಿಯಾಗಿ ಕೂರುವುದಿಲ್ಲ. ಹಾಗಿದ್ದರೆ ಕ್ಯಾರಿಯರ್ ಬದಲಿಸಿ, ಆಮೇಲೆ ಚೀಲದ ಮಾತು.

ಭಾರಮಿತಿ ಕ್ಯಾರಿಯರಿನ ಮೇಲೇ ಅಚ್ಚಾಗಿರುತ್ತದೆ. ಸೈಕಲ್ ಕ್ಯಾರಿಯರುಗಳಿಗೆ ಐಎಸ್‌ಒ 11243 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. 25 ಕೆ.ಜಿ. ಎಂದು ಬರೆದದ್ದು ದಿನಬಳಕೆಗೆ ಧಾರಾಳ. ಆ ಅಂಕಿ ಎರಡೂ ಪಕ್ಕ ಮತ್ತು ಮೇಲ್ಭಾಗ ಸೇರಿ ಎಂಬುದನ್ನು ನೆನಪಿಡಿ, ಒಂದೇ ಪಕ್ಕಕ್ಕೆ ಅಷ್ಟನ್ನೂ ತೂಗಿಬಿಡಬೇಡಿ. ಕ್ಯಾರಿಯರ್ ಬಿಗಿಯುವ ಬೋಲ್ಟುಗಳು ಬಹುತೇಕ ಎಂ5 (5 ಮಿ.ಮೀ. ದಪ್ಪ), ಅವಕ್ಕೆ 4 ಮಿ.ಮೀ. ಆಲನ್ ಕೀ ಬೇಕು. ನಮ್ಮ ರಸ್ತೆಗಳ ಹಂಪುಗಳಿಗೆ ಇವು ಸಡಿಲಾಗುವುದು ಖಂಡಿತ, ಆದ್ದರಿಂದ ಕಟ್ಟುವಾಗಲೇ ಬೋಲ್ಟಿನ ಸುರುಳಿ ಗೆರೆಗೆ ಒಂದು ತೊಟ್ಟು ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಹಿಡಿದಿಡುವ ಅಂಟು) ಹಾಕಿಸಿ.

ಹಿಮ್ಮಡಿಯ ಲೆಕ್ಕ

ಚೀಲ ವಾಪಸ್ ಕಳಿಸಬೇಕಾಗಿ ಬರುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ: ಪೆಡಲ್ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಗುಲುತ್ತದೆ. ಅಂಗಡಿಯಲ್ಲಿ ನಿಂತ ಸೈಕಲ್ಲಿಗೆ ಚೀಲ ಹಾಕಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಸ್ವಲ್ಪ ಲೆಕ್ಕ ಹಾಕಬೇಕು.

ಪೆಡಲಿನ ತೋಳು, ಅಂದರೆ ಕ್ರ್ಯಾಂಕ್, ದೊಡ್ಡವರ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 170 ಮಿ.ಮೀ. ಪಾದದ ಮುಂಭಾಗ ಪೆಡಲಿನ ಮೇಲಿದ್ದರೆ 9ನೇ ನಂಬರಿನ ಶೂ ಹಾಕಿದವರ ಹಿಮ್ಮಡಿ ಪೆಡಲಿನಿಂದ ಸುಮಾರು 20 ಸೆಂ.ಮೀ. ಹಿಂದೆ ಚಾಚಿರುತ್ತದೆ. ಎರಡೂ ಸೇರಿದರೆ ಕ್ರ್ಯಾಂಕಿನ ನಡುವಿಂದ ಹಿಂದಕ್ಕೆ 37 ಸೆಂ.ಮೀ. ತನಕ ಹಿಮ್ಮಡಿ ಬರುತ್ತದೆ. ಕ್ರ್ಯಾಂಕಿನ ನಡುವಿಂದ ಹಿಂದಿನ ಚಕ್ರದ ಅಚ್ಚಿಗೆ ಇರುವ ದೂರ ಹೈಬ್ರಿಡ್ ಸೈಕಲ್ಲುಗಳಲ್ಲಿ 43ರಿಂದ 45 ಸೆಂ.ಮೀ., ರೋಡ್ ಸೈಕಲ್ಲುಗಳಲ್ಲಿ 41–42, ಟೂರಿಂಗ್ ಸೈಕಲ್ಲುಗಳಲ್ಲಿ 45–46. ಈಗ 30 ಸೆಂ.ಮೀ. ಅಗಲದ ಚೀಲವನ್ನು ಹೈಬ್ರಿಡ್ಡಿನ ಅಚ್ಚಿನ ನೇರಕ್ಕೆ ನಡುಮಧ್ಯ ತೂಗಿದರೆ ಅದರ ಮುಂದಿನ ಅಂಚು ಕ್ರ್ಯಾಂಕಿನಿಂದ 28–30 ಸೆಂ.ಮೀ.ಗೇ ಬಂದುಬಿಡುತ್ತದೆ. ಹಿಮ್ಮಡಿಗೆ ಬೇಕಾದ್ದು 37. ಅಂದರೆ ಚೀಲ ಏಳರಿಂದ ಒಂಬತ್ತು ಸೆಂ.ಮೀ. ಹಿಂದಕ್ಕೆ ಸರಿಯಬೇಕು, ಅದರ ಜೊತೆಗೆ ಇನ್ನೆರಡು ಸೆಂ.ಮೀ. ಸಡಿಲ ಬಿಡಬೇಕು.

ಸರಿಸುವುದಕ್ಕೆ ಮೂರು ಆಸರೆಗಳಿವೆ. ಮೊದಲನೆಯದು ಚೀಲದ ಕೊಕ್ಕೆಗಳು ಹಳಿಯ ಮೇಲೆ ಅತ್ತಿತ್ತ ಸರಿಯುವಂತಿರಬೇಕು. ಕೊಕ್ಕೆಗಳನ್ನು ಚೀಲದ ಮುಂಭಾಗಕ್ಕೆ ಸರಿಸಿದಷ್ಟೂ ಚೀಲ ಹಿಂದಕ್ಕೆ ಹೋಗುತ್ತದೆ. ಒಂದೇ ಜಾಗಕ್ಕೆ ಹೊಲಿದ ಅಥವಾ ರಿವೆಟ್ ಹೊಡೆದ ಕೊಕ್ಕೆಯ ಚೀಲ ನಿಮ್ಮ ಸೈಕಲ್ಲಿಗೆ ಕೂತರೆ ಅದೃಷ್ಟ, ಕೂರದಿದ್ದರೆ ಏನೂ ಮಾಡಲಾಗದು. ಎರಡನೆಯದು ಚೀಲದ ಕೆಳಗಿನ ಮುಂದಿನ ಮೂಲೆ ಓರೆಯಾಗಿ ಕತ್ತರಿಸಿದಂತಿರಬೇಕು. ಹಿಮ್ಮಡಿ ತಗುಲುವುದು ಆ ಮೂಲೆಗೇ. ಮೂರನೆಯದು ಕ್ಯಾರಿಯರಿನ ಕಂಬಿ ಹಿಂದಕ್ಕೆ ಉದ್ದ ಚಾಚಿರಬೇಕು. ರೋಡ್ ಸೈಕಲ್ ಮತ್ತು 10, 11ನೇ ನಂಬರಿನ ಶೂ ಎರಡೂ ಒಬ್ಬರದೇ ಆದರೆ 20 ಲೀಟರಿನ ಚೀಲವನ್ನು ಮರೆತು 14–15 ಲೀಟರಿನದನ್ನು ಹುಡುಕುವುದು ಜಾಣತನ.

20 ಇಂಚು ಚಕ್ರದ ಮಡಚುವ ಸೈಕಲ್ಲುಗಳ ಕತೆ ಬೇರೆ. ಕ್ಯಾರಿಯರೇ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿರುವುದರಿಂದ ಉದ್ದ ಚೀಲದ ತಳ ಹಂಪಿಗೆ ಉಜ್ಜುತ್ತದೆ. ಅಂಥವರಿಗೆ ಹ್ಯಾಂಡಲ್ ಮುಂದಿನ ಕೊಳವೆಗೆ ಸಿಕ್ಕಿಸುವ ಚೀಲವೇ ಮೇಲು.

ಕೊಕ್ಕೆ ಹೇಗಿರಬೇಕು

ಹಿಡಿ ಎಳೆದರೆ ತಾನೇ ಬಿಚ್ಚಿಕೊಂಡು, ಬಿಟ್ಟರೆ ತಾನೇ ಲಾಕ್ ಆಗುವ ಕೊಕ್ಕೆ ಬೇಕು. ಒಂದೇ ಕೈಯಲ್ಲಿ ಹಾಕಿ ತೆಗೆಯುವಂತಿರಬೇಕು, ಇನ್ನೊಂದು ಕೈ ಸೈಕಲ್ ಹಿಡಿದಿರುತ್ತದೆ. ಲಾಕ್ ಇಲ್ಲದ ಬರೀ ಬಾಗಿದ ಕೊಕ್ಕೆ, ಕೆಳಗೊಂದು ಎಲಾಸ್ಟಿಕ್ ದಾರ ಇರುವ ಚೀಲಗಳು ಒಳ್ಳೆಯ ರಸ್ತೆಗೆ ಸರಿ. ಗುಂಡಿ ಬಂದಾಗ ಚೀಲ ಮೇಲಕ್ಕೆ ಜಿಗಿಯುತ್ತದೆ, ಎಲಾಸ್ಟಿಕ್ ಹಿಗ್ಗುತ್ತದೆ, ಕೊಕ್ಕೆ ಕಂಬಿಯಿಂದ ಹೊರಗೆ. ವೆಲ್ಕ್ರೋ ಪಟ್ಟಿಯಿಂದ ಕಟ್ಟುವ ಚೀಲಗಳನ್ನು ದಿನಕ್ಕೆ ನಾಲ್ಕು ಸಲ ಬಿಚ್ಚಿ ಕಟ್ಟಲಾಗದು. ಧೂಳು ತುಂಬಿದ ವೆಲ್ಕ್ರೋ ಕಚ್ಚುವುದನ್ನೂ ಬಿಡುತ್ತದೆ.

ಕೊಕ್ಕೆಯ ಸ್ಕ್ರೂಗಳು ಚೀಲದ ಒಳಗೆ ಎಲ್ಲಿ ಚಾಚಿವೆ ಎಂದು ಕೈಹಾಕಿ ಸವರಿ. ಸ್ಕ್ರೂ ತಲೆಯ ಮೇಲೆ ಹಲಗೆಯೋ ಮೆತ್ತೆಯೋ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಗೀರು ನಿಶ್ಚಿತ.

ಕೊಳೆ ಯಾವ ಮೈಗೆ, ಬೆನ್ನು ಯಾವ ಮೈಗೆ

ಒಂದೇ ಚೀಲ ಎರಡು ಕೆಲಸ ಮಾಡುವುದರಲ್ಲಿ ಇರುವ ನಿಜವಾದ ತೊಡಕು ಇದು. ಸೈಕಲ್ಲಿಗೆ ತೂಗಿದಾಗ ಚೀಲದ ಒಂದು ಮೈ ಚಕ್ರದ ಕಡೆ ಇರುತ್ತದೆ, ಅಲ್ಲಿಗೆ ಕೆಸರು, ಚೈನಿನ ಎಣ್ಣೆ, ಬ್ರೇಕಿನ ಕರಿ ಪುಡಿ. ಇನ್ನೊಂದು ಮೈ ರಸ್ತೆಯ ಕಡೆ, ಅದಕ್ಕೆ ಧೂಳು, ಬಸ್ಸಿನ ಹೊಗೆ, ಮಳೆ. ಇವೆರಡರಲ್ಲಿ ಒಂದು ನಿಮ್ಮ ಬಿಳಿ ಅಂಗಿಗೆ ತಾಗಲಿದೆ. ಯಾವುದು ಎಂಬುದರ ಮೇಲೆ ಚೀಲಗಳನ್ನು ಮೂರು ಜಾತಿ ಮಾಡಬಹುದು.

ಕೊಕ್ಕೆ ಒಂದು ಮೈಯಲ್ಲಿ, ಹೆಗಲಪಟ್ಟಿ ಎದುರು ಮೈಯಲ್ಲಿ ಇರುವುದು ಮೊದಲ ಜಾತಿ. ಇಳಿದು ಎತ್ತಿದರೆ ನೇರ ಬೆನ್ನಿಗೆ, ಕೊಕ್ಕೆ ಬೆನ್ನಿಗೆ ಚುಚ್ಚುವುದಿಲ್ಲ. ಆದರೆ ಪಟ್ಟಿಗಳು ಮಳೆ ಧೂಳಿಗೆ ತೆರೆದಿರುವುದರಿಂದ ಅವನ್ನು ಮುಚ್ಚುವ ಹೊದಿಕೆ ಇರಲೇಬೇಕು. ಬೆನ್ನಿಗೆ ಹಾಕಿದಾಗ ಕೊಕ್ಕೆಗಳು ಹೊರಗೆ ಚಾಚಿರುತ್ತವೆ. ತುಂಬಿದ ಬಸ್ಸಿನಲ್ಲಿ ಯಾರದೋ ದುಪಟ್ಟಾ ಸಿಕ್ಕಿಕೊಂಡರೆ ಮಾತು ಕೇಳಬೇಕಾಗುತ್ತದೆ. ಇನ್ನೊಂದು ಗಮನಿಸದ ದೋಷವಿದೆ. ಲ್ಯಾಪ್‌ಟಾಪ್ ಬೆನ್ನಿಗೆ ಹತ್ತಿರ ಇರಲೆಂದು ಅದರ ಅರೆಯನ್ನು ಪಟ್ಟಿಯ ಕಡೆಗೆ ಹೊಲಿದಿರುತ್ತಾರೆ. ಸೈಕಲ್ಲಿನ ಮೇಲೆ ಅದು ರಸ್ತೆಯ ಕಡೆಯ ಮೈ. ಸ್ಟ್ಯಾಂಡ್ ಜಾರಿ ಸೈಕಲ್ ಬಿದ್ದರೆ ಮೊದಲು ನೆಲಕ್ಕೆ ಬಡಿಯುವುದೂ ಅದೇ ಮೈ. ಈ ಜಾತಿಯ ಚೀಲ ಕೊಳ್ಳುವುದಾದರೆ ಲ್ಯಾಪ್‌ಟಾಪಿಗೆ ಅದರದೇ ದಪ್ಪ ಕವಚ ಬೇರೆಯಾಗಿ ಹಾಕಿ.

ಎರಡನೆಯ ಜಾತಿಯಲ್ಲಿ ಕೊಕ್ಕೆ, ಪಟ್ಟಿ ಎರಡೂ ಒಂದೇ ಮೈಯಲ್ಲಿ. ತುಳಿಯುವಾಗ ಪಟ್ಟಿಗಳು ಜಿಪ್ಪಿನ ಹಿಂದೆ ಮಡಚಿ ಕೂತಿರುತ್ತವೆ. ನಡೆಯುವಾಗ ಒಂದು ಹೊದಿಕೆ ಮಗುಚಿ ಕೊಕ್ಕೆಗಳನ್ನು ಮುಚ್ಚುತ್ತದೆ. ಹೊರಗಿನಿಂದ ನೋಡಿದರೆ ಆಫೀಸ್ ಚೀಲದಷ್ಟೇ ಅಚ್ಚುಕಟ್ಟು, ಲ್ಯಾಪ್‌ಟಾಪ್ ಕ್ಯಾರಿಯರಿನ ಕಡೆ ಸುರಕ್ಷಿತ. ಬದಲಿಸಲು ಅರ್ಧದಿಂದ ಒಂದು ನಿಮಿಷ ಬೇಕು. ಮುಚ್ಚುವ ಹೊದಿಕೆ ತೆಳುವಾಗಿದ್ದರೆ ಕೊಕ್ಕೆ ಸೊಂಟದ ಮೇಲ್ಭಾಗಕ್ಕೆ ಒತ್ತುತ್ತದೆ. ನೋಡಬೇಕಾದ ಮುಖ್ಯ ಸಂಗತಿ: ಹೊದಿಕೆ ಮಗುಚಿದಾಗ ಅದರ ಯಾವ ಬದಿ ಬೆನ್ನಿಗೆ ಬರುತ್ತದೆ? ಕೆಸರು ಹಿಡಿದ ಬದಿಯೇ ಬೆನ್ನಿಗೆ ಬರುವಂತೆ ಹೊಲಿದ ಚೀಲಗಳೂ ಇವೆ. ಅದು ಮಾಡಿದವರಿಗೆ ಮಳೆಗಾಲದ ಅನುಭವವಿಲ್ಲ ಅಂತಲೇ ಅರ್ಥ.

ಮೂರನೆಯದರಲ್ಲಿ ಪಟ್ಟಿಗಳನ್ನು ಪೂರ್ತಿ ಬಿಚ್ಚಿ ಚೀಲದೊಳಗೆ ಇಟ್ಟುಕೊಳ್ಳಬಹುದು. ಸ್ವಚ್ಛತೆಗೆ ಇದೇ ಮೊದಲು, ಸೋಮಾರಿಗಳಿಗೆ ಇದೇ ಕೊನೆ. ನಾಲ್ಕು ಬಕಲ್ ಸಿಕ್ಕಿಸಬೇಕು, ಪಟ್ಟಿ ಮನೆಯಲ್ಲೇ ಮರೆತರೆ ಆ ದಿನ ಚೀಲ ಕೈಯಲ್ಲೇ.

ದಿನವೂ ಒಂದೆರಡು ಸಲವಷ್ಟೇ ಬದಲಿಸುವ, ಲ್ಯಾಪ್‌ಟಾಪ್ ಹೊರುವ ಆಫೀಸಿನವರಿಗೆ ಎರಡನೆಯ ಜಾತಿ ಸೂಕ್ತ. ನಾಲ್ಕು ಅಂಗಡಿ ಹತ್ತಿಳಿಯುವವರಿಗೆ ಮೊದಲನೆಯದು. ಯಾವುದೇ ಆಗಲಿ, ಪಟ್ಟಿಯ ಸಡಿಲ ತುದಿಗಳು ಒಂದೂ ಜೋತಾಡಬಾರದು. ಕಡ್ಡಿಗೋ ಗೇರಿನ ಹಲ್ಲಿಗೋ ಸುತ್ತಿಕೊಂಡ ಪಟ್ಟಿ ಚಕ್ರವನ್ನು ಹಠಾತ್ತನೆ ನಿಲ್ಲಿಸುತ್ತದೆ. ಉದ್ದ ತುದಿಗಳನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಅಳತೆ ಒಮ್ಮೆ ನಿಶ್ಚಯವಾದ ಮೇಲೆ ಹೆಚ್ಚಿನ ಉದ್ದ ಕತ್ತರಿಸಿ ತುದಿಯನ್ನು ಮೇಣದಬತ್ತಿಯಲ್ಲಿ ಸುಟ್ಟರೆ ನೂಲು ಬಿಡುವುದಿಲ್ಲ.

ಮಳೆ

ಬೆಂಗಳೂರಿನ ವರ್ಷದ ಮಳೆ ಸುಮಾರು 1,000 ಮಿ.ಮೀ., ಮಂಗಳೂರಿನದು 3,000 ಮಿ.ಮೀ. ದಾಟುತ್ತದೆ. ಬೆಂಗಳೂರಿನ ಸಂಜೆ ಮಳೆ ಅರ್ಧ ಗಂಟೆ ಸುರಿದು ನಿಲ್ಲುತ್ತದೆ, ಯಾರದಾದರೂ ಅಂಗಡಿಯ ಜಗಲಿಯಲ್ಲಿ ನಿಂತರೆ ಕಳೆಯುತ್ತದೆ. ಜೂನ್‌ನ ಕರಾವಳಿಯಲ್ಲಿ ಆ ಉಪಾಯ ನಡೆಯದು. ಆದ್ದರಿಂದ ಒಂದೇ ಸಲಹೆ ಎರಡೂ ಕಡೆಗೆ ಹೊಂದುವುದಿಲ್ಲ.

ಕರಾವಳಿ, ಮಲೆನಾಡಿನವರು ಬಾಯಿ ಮೂರು ಸುತ್ತು ಸುರುಳಿ ಸುತ್ತಿ ಬಕಲ್ ಹಾಕುವ, ಹೊಲಿಗೆಯ ಬದಲು ಶಾಖದಿಂದ ಅಂಟಿಸಿದ ಜೋಡಣೆಗಳಿರುವ ಚೀಲವನ್ನೇ ಕೊಳ್ಳಿ. ಇಂಥವುಗಳ ಮೇಲೆ ಐಪಿ64 ಎಂದು ಬರೆದಿರುತ್ತದೆ. ಧೂಳು ಒಳಹೋಗದು, ಎಲ್ಲ ಕಡೆಯಿಂದ ಎರಚುವ ನೀರನ್ನು ತಡೆಯುತ್ತದೆ ಎಂದು ಅದರರ್ಥ, ಮುಳುಗಿಸಬಹುದು ಎಂದಲ್ಲ. ಎರಡೇ ಸುತ್ತು ಸುತ್ತಿದರೆ ನೀರು ಒಳಗಿಳಿಯುತ್ತದೆ. ಚೀಲವನ್ನು ಬಾಯಿಮಟ್ಟ ತುಂಬಿದವರು ಎರಡೇ ಸುತ್ತಿಗೆ ನಿಲ್ಲಿಸಬೇಕಾಗುತ್ತದೆ, ಹಾಗಾಗಿ ಮಳೆಗಾಲದಲ್ಲಿ 20 ಲೀಟರಿನ ಚೀಲ ನಿಜಕ್ಕೂ 16–17 ಲೀಟರ್.

ಬಯಲುಸೀಮೆಯಲ್ಲಿ ಜಿಪ್ ಚೀಲ, ಜೊತೆಗೊಂದು ಮಳೆಗವಚ ನಡೆಯುತ್ತದೆ. ಮಳೆಗವಚದಲ್ಲಿ ಕೊಕ್ಕೆಗಳಿಗೆಂದು ಸೀಳು ಇದೆಯೇ, ತಳದಲ್ಲಿ ನೀರು ಹೊರಹೋಗಲು ತೂತು ಇದೆಯೇ, ಎಲಾಸ್ಟಿಕ್ ಬಿಗಿಯಾಗಿದೆಯೇ ನೋಡಿ. ಗಾಳಿಗೆ ಪಟಪಟಿಸುವ ಕವಚ ಚಕ್ರಕ್ಕೆ ಸಿಗುತ್ತದೆ. ತಳದಲ್ಲಿ ತೂತಿಲ್ಲದ ಕವಚದಲ್ಲಿ ನೀರು ತುಂಬಿಕೊಂಡು ಚೀಲ ಅದರಲ್ಲೇ ನೆನೆಯುತ್ತದೆ. ಯಾವ ಊರೇ ಇರಲಿ, ಹಿಂದಿನ ಚಕ್ರಕ್ಕೆ ಪೂರ್ಣ ಉದ್ದದ ಮಡ್‌ಗಾರ್ಡ್ ಹಾಕಿಸಿ. ಆಕಾಶದ ನೀರಿಗಿಂತ ಚಕ್ರ ಎರಚುವ ನೀರೇ ಚೀಲವನ್ನು ಹೆಚ್ಚು ಕೆಡಿಸುತ್ತದೆ, ಅದರಲ್ಲಿ ಮಣ್ಣೂ ಎಣ್ಣೆಯೂ ಇರುತ್ತವೆ.

ಬಟ್ಟೆಯ ದಪ್ಪವನ್ನು ಡೆನಿಯರ್ ಲೆಕ್ಕದಲ್ಲಿ ಹೇಳುತ್ತಾರೆ. 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬುದೇ ಆ ಅಂಕಿ. 600 ಡೆನಿಯರಿನ ಪಾಲಿಯೆಸ್ಟರ್ ದಿನಬಳಕೆಗೆ ಸಾಕು. ಅದಕ್ಕಿಂತ ಮುಖ್ಯ ಒಳಗಿನ ಲೇಪ. ಅಗ್ಗದ ಚೀಲಗಳ ಒಳಮೈಗೆ ಬಳಿದ ಪಾಲಿಯುರೆಥೇನ್ ತೇವದಲ್ಲಿ ಕ್ರಮೇಣ ಒಡೆದು ಅಂಟಂಟಾಗಿ, ಆಮೇಲೆ ಬಿಳಿ ಹೊಟ್ಟಿನಂತೆ ಉದುರುತ್ತದೆ. ಕಾರವಾರ, ಉಡುಪಿಯಂಥ ಕಡೆ ಒದ್ದೆ ಚೀಲವನ್ನು ಬೀರುವಿನಲ್ಲಿಟ್ಟರೆ ಇದು ಬೇಗ ಆಗುತ್ತದೆ. ಪಿವಿಸಿ ಲೇಪದ ಬಟ್ಟೆ ಭಾರ, ಆದರೆ ಈ ಕಾಯಿಲೆ ಅದಕ್ಕಿಲ್ಲ.

ಎಷ್ಟು ಲೀಟರ್, ಒಳಗೆ ಏನು

ಕಂಪನಿ ಬರೆದ ಲೀಟರನ್ನು ಟೇಪಿನಿಂದ ಪರೀಕ್ಷಿಸಿ. ಎತ್ತರ 45, ಅಗಲ 30, ದಪ್ಪ 15 ಸೆಂ.ಮೀ. ಗುಣಿಸಿದರೆ 20,250 ಘನ ಸೆಂ.ಮೀ., ಅಂದರೆ 20 ಲೀಟರ್ ಚಿಲ್ಲರೆ. ಆಫೀಸಿನ ಸಾಮಾನು ಮತ್ತು ಸಂಜೆಯ ಸಣ್ಣ ಖರೀದಿಗೆ 20ರಿಂದ 24 ಲೀಟರ್ ಸರಿಯಾದ ಅಳತೆ. 28 ದಾಟಿದರೆ ಸೈಕಲ್ಲಿನ ಮೇಲೆ ಚೆನ್ನ, ಬೆನ್ನ ಮೇಲೆ ಹೊರೆ.

15.6 ಇಂಚಿನ ಲ್ಯಾಪ್‌ಟಾಪ್ ಸುಮಾರು 36×25 ಸೆಂ.ಮೀ., 14 ಇಂಚಿನದು 32×22. ಚೀಲದಲ್ಲಿ ಅದು ನಿಂತು ಕೂರುವುದರಿಂದ 25 ಸೆಂ.ಮೀ. ಬದಿ ತಳದಲ್ಲಿರುತ್ತದೆ. ಹಿಮ್ಮಡಿಗಾಗಿ ಮೂಲೆ ಕತ್ತರಿಸಿದ ಚೀಲಗಳ ತಳ ಕಿರಿದು, ಮೇಲೆ 30 ಸೆಂ.ಮೀ. ಇದ್ದದ್ದು ಕೆಳಗೆ 23ಕ್ಕೆ ಇಳಿದಿರಬಹುದು. ಅಳೆಯಬೇಕಾದ್ದು ತಳವನ್ನು. ಲ್ಯಾಪ್‌ಟಾಪ್ ಅರೆಯ ತಳ ಚೀಲದ ತಳಕ್ಕಿಂತ ಎರಡು ಮೂರು ಸೆಂ.ಮೀ. ಮೇಲೆ ತೂಗಿರಬೇಕು. ಹಾಗಿಲ್ಲದಿದ್ದರೆ ಚೀಲವನ್ನು ನೆಲಕ್ಕಿಟ್ಟಾಗಲೆಲ್ಲ ಅದರ ಮೂಲೆ ನೆಲಕ್ಕೆ ಕುಟ್ಟುತ್ತದೆ. ತೂಗಿಲ್ಲದ ಚೀಲ ಆಗಲೇ ಕೊಂಡಿದ್ದರೆ ಯೋಗ ಮ್ಯಾಟಿನ ತುಂಡೊಂದನ್ನು ತಳಕ್ಕೆ ಕತ್ತರಿಸಿ ಹಾಕಿ.

ಊಟದ ಡಬ್ಬಿಯನ್ನು ಲ್ಯಾಪ್‌ಟಾಪಿನ ಅರೆಯ ಪಕ್ಕದಲ್ಲಿ ಇಡುವಂತಿದ್ದರೆ ಆ ಚೀಲ ಬೇಡ. ಸಾರು ಹುಳಿ ಇರುವ ಡಬ್ಬಿ ನೆಟ್ಟಗೆ ನಿಲ್ಲುವಂಥ ಬೇರೆ ಜೇಬು ಬೇಕು. ಕ್ಲಿಪ್ ಮುಚ್ಚಳದ ಡಬ್ಬಿಯನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಯೇ ಇಡಿ. ರಸ್ತೆಯ ಅದುರಿಗೆ ಕ್ಲಿಪ್ಪು ಬಿಚ್ಚಿಕೊಳ್ಳುತ್ತದೆ.

ಖರೀದಿಗೆ ಬಂದರೆ, 5 ಕೆ.ಜಿ. ಅಕ್ಕಿ ಸುಮಾರು 6 ಲೀಟರ್ ಜಾಗ ಹಿಡಿಯುತ್ತದೆ. 10 ಕೆ.ಜಿ. ಅಕ್ಕಿಗೂ 20 ಲೀಟರಿನ ಚೀಲದಲ್ಲಿ ಜಾಗವಿದೆ, ಆದರೆ ಜಾಗವಿದೆ ಎಂದು ತುಂಬಬಾರದು. ಒಂದೇ ಪಕ್ಕಕ್ಕೆ ಏಳೆಂಟು ಕೆ.ಜಿ. ದಾಟಿದರೆ ಸೈಕಲ್ ಆ ಕಡೆ ಎಳೆಯುತ್ತದೆ, ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ ತಿಳಿಯುತ್ತದೆ. ಭಾರದ ಅಕ್ಕಿ ಬೇಳೆ ತಳದಲ್ಲಿ ಚಕ್ರದ ಕಡೆಗೆ, ಅರ್ಧ ಲೀಟರ್ ನಂದಿನಿ ಪ್ಯಾಕೆಟ್ಟುಗಳು ಅದರ ಮೇಲೆ, ಟೊಮೇಟೊ ಕೊನೆಗೆ. ತೆಂಗಿನಕಾಯಿ ಉರುಳಿ ಮಿಕ್ಕಿದ್ದನ್ನು ಜಜ್ಜುತ್ತದೆ, ಅದನ್ನು ಬಟ್ಟೆಯ ಕೈಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂಲೆಗೆ ತುರುಕಿ. ಸೊಪ್ಪಿಗೆ ಸುರುಳಿ ಬಾಯಿಯ ಚೀಲವೇ ಚೆನ್ನ, ಬಾಯಿ ಸುತ್ತದೆ ಬಿಟ್ಟರೆ ಕಟ್ಟು ಮೇಲೆ ಇಣುಕಿಕೊಂಡು ಬರುತ್ತದೆ. 30 ಮೊಟ್ಟೆಯ ಟ್ರೇ ಈ ಯಾವ ಚೀಲದಲ್ಲೂ ಮಲಗುವುದಿಲ್ಲ. ಆರರ ಡಬ್ಬಿ ಎರಡು ಕೊಳ್ಳಿ.

ಬೆನ್ನ ಮೇಲೆ ಹೇಗೆ ಕೂರುತ್ತದೆ

ಹೆಗಲಪಟ್ಟಿ ಐದಾರು ಸೆಂ.ಮೀ. ಅಗಲವಾಗಿ, ಒಳಗೆ ಮೆತ್ತೆ ಇರಬೇಕು. ಎದೆಯ ಅಡ್ಡಪಟ್ಟಿ ಇದ್ದರೆ ಒಳ್ಳೆಯದು. ಪ್ಯಾನಿಯರಿಗೆಂದು ಹೊಲಿದ ಚೀಲ ಬೆನ್ನಿನ ಆಕಾರಕ್ಕೆ ಬಾಗುವುದಿಲ್ಲ, ಗಟ್ಟಿ ಹಲಗೆ ಇರುವುದರಿಂದ ನೆಟ್ಟಗೇ ಇರುತ್ತದೆ. ಆದ್ದರಿಂದ ನಿಜವಾದ ಬ್ಯಾಕ್‌ಪ್ಯಾಕಿನ ಸುಖ ನಿರೀಕ್ಷಿಸಬೇಡಿ. ಆರು ಕೆ.ಜಿ. ಹೊತ್ತು ಇಪ್ಪತ್ತು ನಿಮಿಷ ನಡೆದರೂ ಹೆಗಲು ನೋಯದಿದ್ದರೆ ಸಾಕು. ಗಿಡ್ಡ ಮೈಕಟ್ಟಿನವರು ಒಮ್ಮೆ ಕುಳಿತು ಏಳುವುದು ಒಳ್ಳೆಯದು. ಉದ್ದದ ಚೀಲದ ತಳ ಕುರ್ಚಿಗೆ ತಗುಲಿ ಚೀಲ ಕತ್ತಿನತ್ತ ಏರುತ್ತದೆ.

ಮೆಟ್ರೋದಲ್ಲಿ ಹೋಗುವವರಿಗೆ ಇನ್ನೊಂದು: ನಿಲ್ದಾಣದ ಎಕ್ಸ್‌ರೇ ಯಂತ್ರಕ್ಕೆ ಚೀಲ ಹಾಕುವ ಮುಂಚೆ ಕೊಕ್ಕೆ ಮೇಲ್ಮುಖವಾಗಿ ಇಡಿ, ಪಟ್ಟಿಗಳನ್ನು ಒಳಸೇರಿಸಿ. ಜೋತುಬಿದ್ದ ಪಟ್ಟಿ ಉರುಳೆಗಳ ಸಂದಿಗೆ ಸಿಕ್ಕಿದರೆ ಹಿಂದಿನ ಸಾಲು ನಿಲ್ಲುತ್ತದೆ.

ಎಡಕ್ಕೋ ಬಲಕ್ಕೋ

ಒಂದೇ ಚೀಲವಾದರೆ ನಮ್ಮಲ್ಲಿ ಎಡಕ್ಕೆ. ವಾಹನಗಳು ಬಲದಿಂದ ಹಾದುಹೋಗುತ್ತವೆ, ಸ್ಕೂಟರಿನ ಹ್ಯಾಂಡಲ್ ಚೀಲಕ್ಕೆ ತಾಗುವ ಭಯ ಎಡಕ್ಕೆ ಕಡಿಮೆ. ಚೈನು, ಗೇರು ಬಲಕ್ಕಿರುವುದರಿಂದ ಎಡದ ಚೀಲಕ್ಕೆ ಎಣ್ಣೆಯೂ ಮೆತ್ತದು. ತೊಂದರೆ ಒಂದೇ, ಪಕ್ಕದ ಸ್ಟ್ಯಾಂಡೂ ಎಡಕ್ಕೇ ಇದೆ. ವಾಲಿದ ಕಡೆಗೇ ಭಾರ ಬಿದ್ದು ಸ್ಟ್ಯಾಂಡಿನ ತುದಿ ಮಣ್ಣಿನಲ್ಲಿ ಹೂತು ಸೈಕಲ್ ಉರುಳುತ್ತದೆ. ಸೈಕಲ್ ನಿಲ್ಲಿಸಿದ ಕೂಡಲೆ ಚೀಲ ತೆಗೆಯುವುದನ್ನು ರೂಢಿ ಮಾಡಿಕೊಳ್ಳಿ, ಮತ್ತೆ ಹಾಕುವಾಗ ಬ್ರೇಕ್ ಹಿಡಿದು, ಸೈಕಲ್ಲನ್ನು ತೊಡೆಗೆ ಒರಗಿಸಿಕೊಂಡು ಹಾಕಿ. ಕೆಳಗಿನ ಕೊಕ್ಕೆ ತಿರುಗಿಸಲು ಬಾರದ ಕೆಲವು ಚೀಲಗಳು ಒಂದೇ ಪಕ್ಕಕ್ಕೆ ಹೊಂದುತ್ತವೆ. ಆನ್‌ಲೈನಿನಲ್ಲಿ ಕೊಳ್ಳುವಾಗ ಎಡಕ್ಕೆ ಆಗುವುದೇ ಎಂದು ಚಿತ್ರದಲ್ಲೇ ನೋಡಿ. ವಿದೇಶಿ ಚಿತ್ರಗಳಲ್ಲಿ ಚೀಲ ಸಾಮಾನ್ಯವಾಗಿ ಬಲಕ್ಕಿರುತ್ತದೆ.

ದುಡ್ಡು ಕೊಡುವ ಮೊದಲು

ಅಂಗಡಿಗೆ ನಿಮ್ಮ ಸೈಕಲ್ಲನ್ನೇ ತೆಗೆದುಕೊಂಡು ಹೋಗಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಲೇಬಲ್ ಕೀಳದೆ, ವಾಪಸ್ ಕೊಡುವ ಅವಧಿಯೊಳಗೆ ಮನೆಯಲ್ಲೇ ಇಷ್ಟು ಮಾಡಿ.

1. ಒಳತುಂಡು ಹಾಕಿ ಕೊಕ್ಕೆಗಳನ್ನು ಕಂಬಿಗೆ ಹೊಂದಿಸಿ. ಎರಡು ಕೊಕ್ಕೆಗಳ ನಡುವೆ ಕ್ಯಾರಿಯರಿನ ಅಡ್ಡಕಂಬಿ ಬರುವಂತಿದ್ದರೆ ಚೀಲ ಹಿಂದೆ ಮುಂದೆ ಜಾರುವುದಿಲ್ಲ.
2. ಚೀಲಕ್ಕೆ ಐದಾರು ಕೆ.ಜಿ. ತುಂಬಿ. ನೀರಿನ ಬಾಟಲಿಗಳೇ ಸಾಕು. ಖಾಲಿ ಚೀಲ ಯಾವ ಪರೀಕ್ಷೆಯಲ್ಲೂ ಪಾಸಾಗುತ್ತದೆ.
3. ಹಿಂದಿನ ಚಕ್ರವನ್ನು ಒಂದು ಗೇಣು ಎತ್ತಿ ನೆಲಕ್ಕೆ ಬಿಡಿ, ನಾಲ್ಕೈದು ಸಲ. ಕೊಕ್ಕೆ ಎದ್ದರೆ ಅಲ್ಲಿಗೇ ಮುಗಿಯಿತು.
4. ಸೀಟಿನ ಮೇಲೆ ಕೂತು, ನೀವು ದಿನವೂ ಹಾಕುವ ಶೂನಲ್ಲಿ, ಪೆಡಲನ್ನು ನಿಧಾನ ಹಿಂದಕ್ಕೆ ತಿರುಗಿಸಿ. ಹಿಮ್ಮಡಿ ಮತ್ತು ಚೀಲದ ನಡುವೆ ಎರಡು ಬೆರಳು ಹೋಗಬೇಕು.
5. ಚೀಲದ ತಳವನ್ನು ಚಕ್ರದ ಕಡೆ ಒತ್ತಿ ನೋಡಿ. ಕಡ್ಡಿಗೆ ತಗುಲಬಾರದು.
6. ಇಳಿಸಿ, ಬೆನ್ನಿಗೆ ಹಾಕಿ, ಮತ್ತೆ ಸೈಕಲ್ಲಿಗೆ ಹಾಕಿ. ಈ ಬದಲಾವಣೆ ಮೂರನೇ ಸಲವೂ ಕಿರಿಕಿರಿ ಅನ್ನಿಸಿದರೆ ಮುಂದೆಂದೂ ಅದು ಸುಲಭವಾಗದು.

ಮಳೆ ತಡೆಯುವ ಚೀಲವೆಂದು ಕೊಂಡಿದ್ದರೆ ಒಳಗೆ ಒಣ ದಿನಪತ್ರಿಕೆ ತುಂಬಿ ಬಾಯಿ ಮುಚ್ಚಿ ಹತ್ತು ನಿಮಿಷ ಷವರ್ ಕೆಳಗೆ ತಿರುಗಿಸುತ್ತ ಹಿಡಿಯಿರಿ. ಪತ್ರಿಕೆಯ ಯಾವ ಮೂಲೆ ಒದ್ದೆಯೋ ಅಲ್ಲಿ ಸೋರುತ್ತಿದೆ. ಹೆಚ್ಚಾಗಿ ಅದು ಕೊಕ್ಕೆಯ ಸ್ಕ್ರೂ ತೂತೇ ಆಗಿರುತ್ತದೆ. ಈ ಪರೀಕ್ಷೆಯ ನಂತರ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿರಿ.

ಕೊಂಡ ಮೇಲೆ

ಚೀಲ ಕೂರುವ ಕಡೆ ಕಂಬಿಗೆ ಹಳೇ ಸೈಕಲ್ ಟ್ಯೂಬಿನ ಅಗಲ ಪಟ್ಟಿ ಸುತ್ತಿ ಎರಡೂ ತುದಿ ಕಟ್ಟಿದರೆ ಸವೆತ, ಸದ್ದು ಎರಡೂ ನಿಲ್ಲುತ್ತವೆ. ಸುತ್ತಿದ ಮೇಲೆ ಕಂಬಿ ದಪ್ಪವಾಗುವುದರಿಂದ ಒಳತುಂಡನ್ನು ಒಂದಳತೆ ದೊಡ್ಡದಕ್ಕೆ ಬದಲಿಸಬೇಕಾದೀತು. ತಿಂಗಳಿಗೊಮ್ಮೆ ಕೊಕ್ಕೆಯ ಸ್ಕ್ರೂ, ಕ್ಯಾರಿಯರಿನ ನಾಲ್ಕೂ ಬೋಲ್ಟ್ ಬಿಗಿ ನೋಡಿ. ಒಂದು ಬೋಲ್ಟ್ ಉದುರಿದರೆ ಕ್ಯಾರಿಯರಿನ ಕಾಲು ಗೇರಿನ ಮೇಲೆ ಬೀಳುತ್ತದೆ. ಎರಡು ಎಂ5 ಬೋಲ್ಟ್, ನಾಲ್ಕು ಜಿಪ್ ಟೈ ಚೀಲದ ಸಣ್ಣ ಜೇಬಿನಲ್ಲಿ ಖಾಯಂ ಇರಲಿ.

ಜಿಪ್ಪಿನ ಹಲ್ಲುಗಳಲ್ಲಿ ಧೂಳು ಕೂತಾಗ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒಣಗಿದ್ದಾಗಲೇ ಉಜ್ಜಿ. ಎಣ್ಣೆ ಹಚ್ಚಬೇಡಿ, ಧೂಳು ಇನ್ನಷ್ಟು ಹಿಡಿಯುತ್ತದೆ. ಚೀಲವನ್ನು ವಾಷಿಂಗ್ ಮಷೀನಿಗೆ ಹಾಕಿದರೆ ಲೇಪ ಬಿರುಕು ಬಿಡುತ್ತದೆ. ಉಗುರುಬೆಚ್ಚನೆ ನೀರು, ಸ್ವಲ್ಪ ಸೋಪು, ಒದ್ದೆ ಬಟ್ಟೆ ಸಾಕು. ಚೈನಿನ ಕರಿಗೆ ಮಾತ್ರ ಪಾತ್ರೆ ತೊಳೆಯುವ ದ್ರವ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿ. ಒಣಗಿಸುವುದು ನೆರಳಲ್ಲಿ, ಬಾಯಿ ತೆರೆದು, ತಲೆಕೆಳಗಾಗಿ.

ಸೀಟಿನ ಕೆಳಗೆ ಹಿಂದೀಪ ಇರುವವರು ಚೀಲ ಹಾಕಿದ ಮೇಲೆ ಹತ್ತು ಹೆಜ್ಜೆ ಹಿಂದೆ, ಸ್ವಲ್ಪ ಎಡಕ್ಕೂ ಬಲಕ್ಕೂ ನಿಂತು ಅದು ಕಾಣುತ್ತದೆಯೇ ನೋಡಿ. ಎತ್ತರದ ಚೀಲ ದೀಪವನ್ನು ಒಂದು ಕಡೆಯಿಂದ ಪೂರ್ತಿ ಮರೆಮಾಡುವುದುಂಟು. ಆಗ ದೀಪವನ್ನು ಕ್ಯಾರಿಯರಿನ ಹಿಂತುದಿಗೆ ಸ್ಥಳಾಂತರಿಸಿ, ಅಲ್ಲಿ ದೀಪ ಕೂರಿಸಲು ಹೆಚ್ಚಿನ ಕ್ಯಾರಿಯರುಗಳಲ್ಲಿ ಎರಡು ತೂತಿನ ತಗಡು ಇದ್ದೇ ಇರುತ್ತದೆ.